ದಾಸರೂಪ ತಾಳಿದ ಒಡೆಯ

ಪವಿತ್ರ ಗುರುವಾರದ ಸಂಜೆ ನಮ್ಮ ದೇವಾಲಯಗಳಲ್ಲಿ ನಡೆಯುವ ಪಾದ ತೊಳೆಯುವ ವಿಧಿಯನ್ನು ಬಾಲ್ಯದಿಂದಲೂ ಕಂಡವರು ನಾವು. ಪೀಠದ ಮುಂದೆ ಸಾಲಾಗಿ ಹನ್ನೆರಡು ಕುರ್ಚಿಗಳು. ಒಂದು ಬೋಗುಣಿ, ಒಂದು ಹೂಜಿ, ಒಂದು ಬಿಳಿಯ ವಸ್ತ್ರ. ಗುರುಗಳು ತಮ್ಮ ಪೂಜಾವಸ್ತ್ರದ ಮೇಲ್ಹೊದಿಕೆಯನ್ನು ತೆಗೆದಿಟ್ಟು, ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡು, ಮಂಡಿಯೂರಿ, ಒಬ್ಬೊಬ್ಬರ ಕಾಲಿಗೂ ನೀರೆರೆದು ಒರೆಸುತ್ತಾರೆ. ಕುಳಿತ ಹನ್ನೆರಡು ಮಂದಿಯಾದರೋ ಮನೆಯಲ್ಲಿಯೇ ಸೋಪು ಹಚ್ಚಿ ಕಾಲು ತೊಳೆದುಕೊಂಡು ಬಂದಿರುತ್ತಾರೆ. ಗುರುಗಳ ಕೈಗೆ ಕೊಳೆ ತಾಕಬಾರದೆಂಬ ಗೌರವ ಅದರಲ್ಲಿದೆ, ನಿಜ. ಆದರೆ ಜೆರುಸಲೇಮಿನ ಆ ಮೇಲ್ಮಾಳಿಗೆಯಲ್ಲಿ ಅಂದು ಯಾರ ಕಾಲನ್ನೂ ಯಾರೂ ಮೊದಲೇ ತೊಳೆದಿರಲಿಲ್ಲ. ಹಾದಿಯ ಧೂಳು ಹಾಗೆಯೇ ಇತ್ತು.

ದೇವರ ದೀನತೆಯನ್ನು ಕುರಿತು ನಾವು ಕೇಳಿದ ಬೋಧನೆಗಳು ಅನೇಕ. ಆದರೆ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ: ದೀನತೆಯನ್ನು ನಾವು ಬೋಧಿಸುವುದು ಯಾರಿಗೆ? ಮನೆಗೆ ಬಂದ ಸೊಸೆಗೆ, ಎದುರು ಮಾತನಾಡುವ ಮಗಳಿಗೆ, ಹೆಚ್ಚು ಕೂಲಿ ಕೇಳುವ ಆಳಿಗೆ, ಹಿಂದಿನ ಸಾಲಿನಲ್ಲಿ ಕುಳಿತ ಬಡವನಿಗೆ. ತಗ್ಗಿ ನಡೆಯಿರಿ, ತಾಳಿಕೊಳ್ಳಿರಿ, ಕ್ರಿಸ್ತರೂ ತಗ್ಗಿ ನಡೆಯಲಿಲ್ಲವೇ ಎನ್ನುತ್ತೇವೆ. ಪವಿತ್ರ ಗ್ರಂಥವನ್ನು ನಿಧಾನವಾಗಿ ಓದಿದರೆ ಅಲ್ಲಿ ಈ ಬೋಧೆಯ ದಿಕ್ಕು ಬೇರೆಯಾಗಿದೆ. ಅದು ಮೇಲೆ ಕುಳಿತವರನ್ನು ಕುರಿತ ಮಾತು. ಮೊದಲೇ ತಗ್ಗಿಸಲ್ಪಟ್ಟವರನ್ನು ಇನ್ನಷ್ಟು ತಗ್ಗಿಸಲು ಹೇಳಿದ್ದಲ್ಲ. ಕುಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಯಲ್ಲಿ ಈ ವ್ಯತ್ಯಾಸವನ್ನು ಅರಿಯುವುದು ಹೆಚ್ಚು ಅಗತ್ಯ. ಸೇವೆ, ದಾಸ್ಯ, ಚಾಕರಿ ಎಂಬ ಪದಗಳಿಗೆ ಈ ನೆಲದಲ್ಲಿ ಕಹಿಯಾದ ಚರಿತ್ರೆಯಿದೆ.

ಊಟದಿಂದ ಎದ್ದ ಗುರು

ಮತ್ತಾಯ, ಮಾರ್ಕ, ಲೂಕರು ಕಡೆಯ ಭೋಜನದ ವರ್ಣನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ಘಟನೆಯನ್ನು ಬರೆದಿದ್ದಾರೆ. ಸಂತ ಯೊವಾನ್ನರು ಆ ಸ್ಥಳದಲ್ಲಿ ಪಾದ ತೊಳೆದ ಘಟನೆಯನ್ನು ಇರಿಸಿದ್ದಾರೆ. ಅದನ್ನವರು ಅವಸರದಲ್ಲಿ ಹೇಳಿ ಮುಗಿಸುವುದಿಲ್ಲ. ಯೇಸುಸ್ವಾಮಿ ಊಟದಿಂದ ಎದ್ದರು, ಮೇಲುವಸ್ತ್ರವನ್ನು ತೆಗೆದಿಟ್ಟರು, ಅಂಗವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡರು, ಬೋಗುಣಿಗೆ ನೀರು ಹೊಯ್ದರು, ತೊಳೆದರು, ಒರೆಸಿದರು ಎಂದು ಒಂದೊಂದು ಕ್ರಿಯೆಯನ್ನೂ ಬಿಡಿಸಿ ಬಿಡಿಸಿ ಬರೆಯುತ್ತಾರೆ. ಮೂಲ ಗ್ರೀಕ್ ಭಾಷೆಯಲ್ಲಿ ವಸ್ತ್ರವನ್ನು ತೆಗೆದಿಡುವುದಕ್ಕೆ ಬಳಸಿದ ಕ್ರಿಯಾಪದವೇ, ಹತ್ತನೆಯ ಅಧ್ಯಾಯದಲ್ಲಿ ಒಳ್ಳೆಯ ಕುರಿಗಾಹಿಯು ಕುರಿಗಳಿಗಾಗಿ ಪ್ರಾಣವನ್ನು ಕೊಡುವುದಕ್ಕೂ ಬಳಕೆಯಾಗಿದೆ. ಮತ್ತೆ ಆ ವಸ್ತ್ರವನ್ನು ತೊಟ್ಟುಕೊಳ್ಳುವುದಕ್ಕೂ, ಪ್ರಾಣವನ್ನು ಮರಳಿ ಪಡೆಯುವುದಕ್ಕೂ ಒಂದೇ ಕ್ರಿಯಾಪದ. ಮರುದಿನ ಶಿಲುಬೆಯ ಮೇಲೆ ನಡೆಯಲಿರುವುದನ್ನು ಸ್ವಾಮಿ ಹಿಂದಿನ ರಾತ್ರಿ ನೀರು ಮತ್ತು ವಸ್ತ್ರದಿಂದ ಮಾಡಿ ತೋರಿಸಿದರು ಎಂಬುದೇ ಇದರ ಇಂಗಿತ.

ಅಂದಿನ ಕಾಲದಲ್ಲಿ ಅತಿಥಿಗಳ ಕಾಲು ತೊಳೆಯುವುದು ಮನೆಯ ಅತ್ಯಂತ ಕೆಳಗಿನ ಆಳಿನ ಕೆಲಸವಾಗಿತ್ತು. ಹಿಬ್ರಿಯನಾದ ದಾಸನಿಂದ ಒಡೆಯನು ಈ ಕೆಲಸವನ್ನು ಮಾಡಿಸಬಾರದೆಂಬ ಬೋಧೆಯೂ ಯೆಹೂದ್ಯ ಗುರುಗಳಲ್ಲಿತ್ತು. ಅಂದರೆ ಸ್ವಜನರಲ್ಲಿ ದಾಸನಾದವನಿಗೂ ಸಲ್ಲದ ಕೆಲಸವನ್ನು ಸ್ವಾಮಿಯವರು ತಾವಾಗಿ ಕೈಗೆತ್ತಿಕೊಂಡರು. ಆ ಹನ್ನೆರಡು ಜೊತೆ ಪಾದಗಳಲ್ಲಿ, ಕೆಲವೇ ಗಳಿಗೆಗಳಲ್ಲಿ ಅವರನ್ನು ಹಿಡಿದುಕೊಡಲು ಹೊರಡಲಿದ್ದ ಯೂದನ ಪಾದಗಳೂ ಇದ್ದವು. ಅವನ್ನೂ ಅವರು ಬಿಡಲಿಲ್ಲ.

ಸಂತ ಪೇತ್ರರು ಕಾಲನ್ನು ಹಿಂದಕ್ಕೆಳೆದುಕೊಂಡರು. ಅದು ಗುರುಭಕ್ತಿಯ ನಡೆಯೆಂದು ನಮಗೆ ತೋರುತ್ತದೆ. ಆದರೆ ಅದರ ಹಿಂದೆ ಒಂದು ಅಂಜಿಕೆಯೂ ಇರಬಹುದು. ಗುರುವೇ ಶಿಷ್ಯನ ಕಾಲು ಮುಟ್ಟಿದ ಮೇಲೆ ನಾಳೆ ಪೇತ್ರರು ಯಾರ ಕಾಲನ್ನು ಮುಟ್ಟಬೇಕಾಗುತ್ತದೆ? ದೊಡ್ಡವರು ದೊಡ್ಡವರಾಗಿ, ಸಣ್ಣವರು ಸಣ್ಣವರಾಗಿ ಇದ್ದಾಗ ಎಲ್ಲರಿಗೂ ತಮ್ಮ ತಮ್ಮ ಸ್ಥಾನ ಗೊತ್ತಿರುತ್ತದೆ. ಸ್ವಾಮಿಯವರ ನಡೆಯಿಂದ ಆ ಸ್ಥಾನಗಳೇ ಕದಲಿದವು. ತಾನು ತೊಳೆಯದಿದ್ದರೆ ತನ್ನಲ್ಲಿ ನಿನಗೆ ಪಾಲಿಲ್ಲವೆಂದು ಸ್ವಾಮಿ ಅವರಿಗೆ ಹೇಳಿದ ಮಾತು ಎಷ್ಟು ಕಟುವೆಂಬುದನ್ನು ನಾವು ಗಮನಿಸಬೇಕು.

ನೀರು ಹರಿಯುವ ದಿಕ್ಕು

ಪಾದಕ್ಕೆ ನೀರೆರೆಯುವುದು ನಮ್ಮ ನಾಡಿಗೆ ಹೊಸತಲ್ಲ. ಬಿಸಿಲಿನಲ್ಲಿ ನಡೆದು ಬಂದ ನೆಂಟರಿಗೆ ಹೊಸ್ತಿಲ ಬಳಿ ತಂಬಿಗೆ ತುಂಬ ನೀರು ಕೊಡುವುದು ನಮ್ಮ ಹಳ್ಳಿಗಳ ಮರ್ಯಾದೆ. ಎಷ್ಟೋ ಮದುವೆಗಳಲ್ಲಿ ಕನ್ಯೆಯ ತಂದೆ ವರನ ಪಾದ ತೊಳೆಯುತ್ತಾನೆ. ಮಠಗಳಲ್ಲಿ ಶಿಷ್ಯರು ಗುರುವಿಗೆ ಪಾದಪೂಜೆ ಮಾಡುತ್ತಾರೆ. ಇವುಗಳಲ್ಲಿ ಭಕ್ತಿಯಿದೆ, ಆದರವಿದೆ. ಆದರೆ ಇಲ್ಲೆಲ್ಲ ತೊಳೆಯುವ ಕೈ ಕಿರಿಯರದು, ಚಾಚುವ ಕಾಲು ಹಿರಿಯರದು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ, ಶಿಷ್ಯ ಗುರುವಿಗೆ, ಆಳು ಒಡೆಯನಿಗೆ. ಪ್ರಾಚೀನ ಇಸ್ರಯೇಲಿನಲ್ಲಿಯೂ ಕ್ರಮ ಇದೇ ಆಗಿತ್ತು. ದಾವೀದನ ಸೇವಕರ ಮುಂದೆ ತಲೆಬಾಗಿದ ಅಬೀಗೈಲಳು, ಒಡೆಯನ ಸೇವಕರ ಪಾದ ತೊಳೆಯಲೂ ತಾನು ಸಿದ್ಧಳೆಂದು ನುಡಿದದ್ದು ಇದೇ ಕ್ರಮಕ್ಕನುಸಾರ. ಕಡೆಯ ಭೋಜನದ ರಾತ್ರಿ ಈ ಕ್ರಮ ಮಗುಚಿತು. ಅಂದು ಬಾಗಿದವರು ಹಿರಿಯರು, ಕಾಲು ಚಾಚಿದವರು ಕಿರಿಯರು.

ಮೇಲಿನವರು ಮೊದಲು ಬಾಗಿದಾಗ ಏನಾಗುತ್ತದೆಂಬುದನ್ನು ಕನ್ನಡ ನಾಡು ತನ್ನದೇ ರೀತಿಯಲ್ಲಿ ನೆನಪಿಟ್ಟುಕೊಂಡಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರು ಬಸವಣ್ಣನವರಿಗೆ ಶರಣು ಎಂದಾಗ, ಅವರು ಎರಡು ಬಾರಿ ಶರಣು ಹೇಳಿ ಮರುವಂದನೆ ಮಾಡಿದರೆಂಬ ಐತಿಹ್ಯವನ್ನು ಬಲ್ಲವರು ಅನೇಕರಿದ್ದಾರೆ. ಆ ಮನ್ನಣೆಯ ಭಾರವನ್ನು ತಾಳಲಾರದೆ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರಂತೆ. ಪ್ರತಿವರ್ಷ ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ರಥೋತ್ಸವಕ್ಕೆ ದಾವಣಗೆರೆ ಮೊದಲಾದ ಊರುಗಳಿಂದ ಸಾವಿರಾರು ಜನರು ಕಾಲ್ನಡಿಗೆಯಲ್ಲಿ ಬರುವಾಗ, ಅವರಿಗೆ ಊಟ ನೀರು ಒದಗಿಸಲು ದಾರಿಯುದ್ದಕ್ಕೂ ಜನ ನಿಂತಿರುತ್ತಾರೆ. ನಡೆದು ದಣಿದ ಕಾಲಿಗೆ ಸಲ್ಲುವ ಸೇವೆಯ ಬೆಲೆಯನ್ನು ಈ ಸೀಮೆಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಕೆಳಗಿಳಿಯುವ ಮೆಟ್ಟಿಲುಗಳು

ಇದೇ ಸತ್ಯವನ್ನು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಸ್ತೋತ್ರದ ರೂಪದಲ್ಲಿ ಹೇಳಿದ್ದಾರೆ. ಗರಿಗಳ ಭಾನುವಾರದ ಬಲಿಪೂಜೆಯಲ್ಲಿ ನಾವು ಕೇಳುವ ಎರಡನೆಯ ವಾಚನ ಅದೇ. ಪೌಲರು ಅದನ್ನು ಬರೆದದ್ದು ಸೆರೆಯಲ್ಲಿ ಕುಳಿತು. ಓದಿದವರು ಫಿಲಿಪ್ಪಿ ಪಟ್ಟಣದವರು. ಅದು ರೋಮ್ ಸಾಮ್ರಾಜ್ಯದ ವಸಾಹತು. ನಿವೃತ್ತ ಸೈನಿಕರಿಗೆ ಭೂಮಿ ಕೊಟ್ಟು ನೆಲೆಗೊಳಿಸಿದ ಊರು. ಪದವಿ, ಪೌರತ್ವ, ಸನ್ಮಾನಗಳನ್ನು ಎಣಿಸುತ್ತಿದ್ದ ಆ ಜನರ ಮುಂದೆ ಪೌಲರು ಇಳಿಯುತ್ತಾ ಹೋಗುವ ಒಂದು ಮೆಟ್ಟಿಲುಸಾಲನ್ನು ಇರಿಸಿದರು. ದೇವಸ್ವರೂಪರಾಗಿದ್ದವರು ಆ ಸಮಾನತೆಯನ್ನು ಬಿಗಿಹಿಡಿದುಕೊಳ್ಳಲಿಲ್ಲ, ತಮ್ಮನ್ನು ಬರಿದು ಮಾಡಿಕೊಂಡರು, ದಾಸರೂಪ ತಾಳಿದರು, ಮನುಷ್ಯರಾದರು, ಮರಣದವರೆಗೂ, ಅದೂ ಶಿಲುಬೆಯ ಮರಣದವರೆಗೂ ವಿಧೇಯರಾದರು. ಅಲ್ಲಿಗೆ ಮೆಟ್ಟಿಲು ಮುಗಿಯುತ್ತದೆ. ರೋಮನ್ನರು ಶಿಲುಬೆಯ ಶಿಕ್ಷೆಯನ್ನು ಮುಖ್ಯವಾಗಿ ದಾಸರಿಗೂ ದಂಗೆಕೋರರಿಗೂ ಮೀಸಲಿಟ್ಟಿದ್ದರು. ತಮ್ಮ ಪೌರನೊಬ್ಬನನ್ನು ಹಾಗೆ ಕೊಲ್ಲುವುದನ್ನು ಅವರು ಊಹಿಸಲೂ ಹೇಸುತ್ತಿದ್ದರು.

ಪೌಲರು ಬಳಸಿದ ಗ್ರೀಕ್ ಪದ 'ದೂಲೋಸ್'. ಕನ್ನಡದಲ್ಲಿ ನಾವು ಅದನ್ನು ದಾಸ ಎನ್ನುತ್ತೇವೆ. ಕನ್ನಡಿಗರಿಗೆ ದಾಸ ಎಂದೊಡನೆ ತಂಬೂರಿ ಹಿಡಿದ ಪುರಂದರದಾಸರು, ಕನಕದಾಸರು ನೆನಪಾಗುತ್ತಾರೆ. ಆ ಪದ ನಮಗೆ ಗೌರವದ ಪದ. ಆದರೆ ಪೌಲರ ಕಾಲದ 'ದೂಲೋಸ್' ಸಂತೆಯಲ್ಲಿ ಕೊಂಡು ತಂದ ಮನುಷ್ಯ. ಅವನ ದೇಹ ಅವನದಲ್ಲ, ಮಕ್ಕಳು ಅವನವರಲ್ಲ, ಹೆಸರನ್ನೂ ಒಡೆಯನೇ ಇಡುತ್ತಿದ್ದ. ನಮ್ಮ ಭಾಗದ ಮಾತಿನಲ್ಲಿ ಇದಕ್ಕೆ ಹತ್ತಿರವಾದ ಪದ ಜೀತದಾಳು. ಸರ್ವೇಶ್ವರನು ಜೀತದಾಳಾದನು ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿದರೆ, ಫಿಲಿಪ್ಪಿಯವರ ಕಿವಿಗೆ ಆ ಸ್ತೋತ್ರ ಹೇಗೆ ಕೇಳಿಸಿರಬಹುದೆಂಬುದು ನಮಗೆ ತಿಳಿಯುತ್ತದೆ.

ಇಲ್ಲಿ ಒಂದು ಅಂಶವನ್ನು ಮರೆಯಬಾರದು. ಪ್ರಭುಗಳು ತಾವಾಗಿ ಇಳಿದರು. ಅವರನ್ನು ಯಾರೂ ದಬ್ಬಲಿಲ್ಲ. ಬಿಡಲು ಅವರ ಬಳಿ ಮಹಿಮೆಯಿತ್ತು, ಅದನ್ನು ಬಿಟ್ಟರು. ಏನೂ ಇಲ್ಲದವನ ಮುಂದೆ ನಿಂತು, ನೀನೂ ಬರಿದಾಗು ಎನ್ನುವುದಕ್ಕೆ ಈ ಸ್ತೋತ್ರದಲ್ಲಿ ಆಧಾರವಿಲ್ಲ.

ನಮ್ಮ ಸೀಮೆಯಲ್ಲಿ 'ದಾಸಿ' ಎಂಬ ಪದ

ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ, ಕುಡ್ಲಿಗಿ ತಾಲ್ಲೂಕಿನಲ್ಲಿ ಸಿಗುವ ಊರು ಹೊಸಹಳ್ಳಿ. ಜನರ ಬಾಯಲ್ಲಿ ಕಾನಾಹೊಸಹಳ್ಳಿ. ಸುತ್ತಲೂ ಮಳೆಯನ್ನೇ ನಂಬಿದ ಹೊಲಗಳು. ಮಳೆ ಕೈಕೊಟ್ಟ ವರ್ಷ ಸಂಸಾರಸಹಿತ ಗುಳೆ ಹೋಗುವುದು ಈ ಸೀಮೆಯ ಬಡವರ ಪಾಡು. ಇಂತಹ ನೆಲದಲ್ಲಿ ಬಿಟ್ಟಿ ಚಾಕರಿ, ಜೀತ, ಬಸವಿ ಬಿಡುವುದು ಇವೆಲ್ಲ ಬಹುಕಾಲ ಬೇರೂರಿದ್ದವು. ಸಾಲಕ್ಕೆ ಮಗನನ್ನು ಒಡೆಯನ ಮನೆಯಲ್ಲಿ ದುಡಿಯಲು ಬಿಡುತ್ತಿದ್ದರು. ಗಂಡು ಸಂತಾನವಿಲ್ಲವೆಂದೋ, ಕಾಯಿಲೆ ವಾಸಿಯಾಗಲೆಂದೋ, ಹರಕೆಯೆಂದೋ ಮಗಳಿಗೆ ಮುತ್ತು ಕಟ್ಟಿಸುತ್ತಿದ್ದರು. ಹಾಗೆ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಕೇರಿಗಳ ಹೆಣ್ಣುಮಕ್ಕಳು. ದೇವರ ಸೇವೆಯೆಂಬ ಹೆಸರಿನಲ್ಲಿ ಅವರ ಪಾಲಿಗೆ ಬಂದದ್ದು ಊರಿನ ಉಳ್ಳವರ ಚಾಕರಿ.

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ಈ ತಾಲ್ಲೂಕುಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಆ ಸರ್ಕಾರ 1947ರಲ್ಲಿಯೇ ದೇವದಾಸಿಯಾಗಿ ಬಿಡುವುದನ್ನು ಕಾನೂನಿನಿಂದ ನಿಷೇಧಿಸಿತ್ತು. ಜೀತವನ್ನು ರದ್ದುಗೊಳಿಸುವ ಕೇಂದ್ರ ಕಾಯ್ದೆ 1976ರಲ್ಲಿ ಬಂತು. ಕರ್ನಾಟಕ ರಾಜ್ಯ 1982ರಲ್ಲಿ ದೇವದಾಸಿ ಸಮರ್ಪಣೆಯ ವಿರುದ್ಧ ತನ್ನದೇ ಕಾಯ್ದೆಯನ್ನು ರೂಪಿಸಿತು. ಆದರೂ 1993-94 ಮತ್ತು 2007-08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ಮಂದಿ ಮಾಜಿ ದೇವದಾಸಿಯರನ್ನು ಗುರುತಿಸಿದವು. ಅವರು ಕಂಡುಬಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಇವರಲ್ಲಿ ಅನೇಕರು ಇಂದು ವೃದ್ಧೆಯರು. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದ ಮುಂದೆ ಪೆನ್ನು ಹಿಡಿದು ಸುಮ್ಮನೆ ಕುಳಿತದ್ದನ್ನು ಈ ಭಾಗದ ಶಿಕ್ಷಕರು ಬಲ್ಲರು.

ಇಂತಹ ಒಬ್ಬ ತಾಯಿಯ ಮುಂದೆ ನಿಂತು ನಾವು ದೀನತೆಯ ಬೋಧೆಯನ್ನು ಹೇಗೆ ಮಾಡೋಣ? ದೇವರಿಗೆ ನೀನು ದಾಸಿಯಾಗಬೇಕೆಂಬ ಮಾತನ್ನು ಆಕೆ ಹತ್ತು ಹನ್ನೆರಡು ವರ್ಷದವಳಿದ್ದಾಗಲೇ ಕೇಳಿದ್ದಾಳೆ. ಆಕೆಯ ಮುಂದೆ ಹೇಳಬಹುದಾದದ್ದು ಪವಿತ್ರ ಗ್ರಂಥದ ಇನ್ನೊಂದು ಮಾತು. ಈಜಿಪ್ಟಿನಲ್ಲಿ ಇಟ್ಟಿಗೆ ಹೊರುತ್ತಿದ್ದ ಗುಲಾಮರ ಗೋಳನ್ನು ದೇವರು ಕೇಳಿದರು, ಅದನ್ನು ಕಂಡು ಇಳಿದು ಬಂದರು. ಮೋಶೆಯ ಮೂಲಕ ಫರೋಹನಿಗೆ ಹೇಳಿ ಕಳುಹಿಸಿದ ಮಾತಿನ ಸಾರ ಒಂದೇ: ಈ ಜನ ನಿನ್ನ ಆಳುಗಳಲ್ಲ, ಇವರನ್ನು ಬಿಟ್ಟುಬಿಡು. ಪ್ರವಾದಿ ಯೆಶಾಯನ ಗ್ರಂಥ ವರ್ಣಿಸುವ ಪ್ರಭುವಿನ ಸೇವಕ, ಜಜ್ಜಿದ ದಂಟನ್ನೂ ಮುರಿಯದವನು, ಆರಿಹೋಗುತ್ತಿರುವ ಬತ್ತಿಯನ್ನೂ ನಂದಿಸದವನು. ಲೂಕರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಸ್ವಾಮಿ ಹೇಳಿದ ಒಂದು ಸಾಮತಿಯಂತೂ ಅಚ್ಚರಿ ಹುಟ್ಟಿಸುತ್ತದೆ. ರಾತ್ರಿ ತಡವಾಗಿ ಮನೆಗೆ ಬಂದ ಒಡೆಯ, ಎಚ್ಚರವಾಗಿ ಕಾದಿದ್ದ ಆಳುಗಳನ್ನು ಊಟಕ್ಕೆ ಕುಳ್ಳಿರಿಸಿ, ತಾನೇ ನಡುಕಟ್ಟಿ ನಿಂತು ಬಡಿಸುತ್ತಾನೆ. ಹೊಲಗದ್ದೆಯುಳ್ಳ ಯಾವ ಮನೆಯಲ್ಲಿ ಇದನ್ನು ನಾವು ಕಂಡಿದ್ದೇವೆ?

ನಜರೇತಿನ ದಾಸಿ

ಇಲ್ಲಿ ಒಂದು ಸಂದೇಹ ಬರಬಹುದು. ಮಾತೆ ಮರಿಯಮ್ಮನವರೂ ತಮ್ಮನ್ನು ದೇವರ ದಾಸಿ ಎಂದುಕೊಂಡರಲ್ಲವೇ? ಹೌದು. ಪ್ರತಿದಿನವೂ ತ್ರಿಕಾಲ ಪ್ರಾರ್ಥನೆಯಲ್ಲಿ ಆ ಮಾತನ್ನು ನಾವು ನೆನೆಯುತ್ತೇವೆ. ಆದರೆ ಲೂಕರು ಆ ಘಟನೆಯನ್ನು ಬರೆದಿರುವ ಬಗೆಯನ್ನು ನೋಡಬೇಕು. ಗಬ್ರಿಯೇಲ್ ದೇವದೂತನು ಬಂದದ್ದು ಮರಿಯಳ ಬಳಿಗೆ. ಆಕೆಯ ತಂದೆಯ ಬಳಿಗೆ ಹೋಗಲಿಲ್ಲ, ಊರ ಹಿರಿಯರ ಬಳಿಗೂ ಹೋಗಲಿಲ್ಲ. ಆಕೆ ಕಳವಳಗೊಂಡಳು, ಪ್ರಶ್ನೆ ಕೇಳಿದಳು, ಉತ್ತರ ಪಡೆದಳು. ದೇವದೂತನು ಆಕೆಯ ಒಪ್ಪಿಗೆಯ ಮಾತನ್ನು ಕೇಳಿಸಿಕೊಂಡೇ ಹಿಂದಿರುಗಿದನು. ಸೃಷ್ಟಿಕರ್ತರು ಒಬ್ಬ ಹಳ್ಳಿಯ ಹುಡುಗಿಯ ಸಮ್ಮತಿಗಾಗಿ ಕಾದರೆಂಬುದೇ ದೈವೀ ದೀನತೆಯ ಒಂದು ಮುಖ. ದಾಸಿ ಎಂಬ ಪದವನ್ನು ಆಕೆಯ ಕೊರಳಿಗೆ ಯಾರೂ ಕಟ್ಟಲಿಲ್ಲ, ಆಕೆಯೇ ಉಚ್ಚರಿಸಿದಳು.

ಆ ದಾಸಿ ಮುಂದೆ ಹಾಡಿದ್ದೇನು? ಎಲಿಜಬೇತಮ್ಮನವರ ಮನೆಯಲ್ಲಿ ಆಕೆಯ ಬಾಯಿಂದ ಹೊರಟ ಸ್ತುತಿಗೀತೆಯು ದರ್ಪಿಷ್ಠರ ಚದುರುವಿಕೆಯನ್ನೂ ಸಿಂಹಾಸನದವರ ಪತನವನ್ನೂ ದೀನರ ಉನ್ನತಿಯನ್ನೂ ಹಸಿದವರ ತೃಪ್ತಿಯನ್ನೂ ಸಾರುತ್ತದೆ. ತಲೆತಗ್ಗಿಸಿ ಸುಮ್ಮನಿರುವವಳ ಹಾಡಲ್ಲ ಅದು. ದೇವರಿಗೆ ತಾನಾಗಿ ದಾಸಿಯಾದವಳು ಇನ್ನು ಯಾವ ಮನುಷ್ಯನಿಗೂ ದಾಸಿಯಲ್ಲ. ಸ್ವಾಮಿಯವರು ಸಹ ಕಡೆಯ ರಾತ್ರಿ, ಪಾದ ತೊಳೆದ ಮೇಲೆ, ತಮ್ಮವರನ್ನು ಇನ್ನು ದಾಸರೆಂದು ಕರೆಯದೆ ಸ್ನೇಹಿತರೆಂದು ಕರೆಯುವುದಾಗಿ ನುಡಿದರು. ಅವರ ಸೇವೆಯ ಗುರಿ ಅದೇ ಆಗಿತ್ತು.

ಧರ್ಮಸಭೆ ಕಲಿತದ್ದು, ಮರೆತದ್ದು

ಈ ವಿಷಯದಲ್ಲಿ ನಾವು ಪರರ ಮನೆಯ ಕಸವನ್ನು ಮಾತ್ರ ತೋರಿಸಿ ಸುಮ್ಮನಾಗುವಂತಿಲ್ಲ. ಆಳುಗಳು ಒಡೆಯರಿಗೆ ವಿಧೇಯರಾಗಿರಲಿ ಎಂಬ ಪತ್ರಗಳ ಮಾತನ್ನು ಕ್ರೈಸ್ತ ಒಡೆಯರು ಶತಮಾನಗಳ ಕಾಲ ಗುಲಾಮಗಿರಿಗೆ ಆಧಾರ ಮಾಡಿಕೊಂಡರು. ಓಡಿಹೋಗಿದ್ದ ಒನೇಸಿಮನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಬರಮಾಡಿಕೋ ಎಂದು ಪೌಲರು ಫಿಲೆಮೋನನಿಗೆ ಬರೆದ ಪುಟ್ಟ ಪತ್ರ ಅವರ ಕಣ್ಣಿಗೆ ಬೀಳಲಿಲ್ಲ. 1992ರ ಫೆಬ್ರವರಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು, ಆಫ್ರಿಕದ ಗುಲಾಮರನ್ನು ಹಡಗಿಗೇರಿಸುತ್ತಿದ್ದ ಗೋರೆ ದ್ವೀಪದಲ್ಲಿ ನಿಂತು, ಆ ಪಾಪದಲ್ಲಿ ಭಾಗಿಗಳಾದ ಕ್ರೈಸ್ತರ ಪರವಾಗಿ ಕ್ಷಮೆ ಬೇಡಿದರು. ನಮ್ಮ ದೇಶದ ಧರ್ಮಾಧ್ಯಕ್ಷರ ಮಂಡಳಿಯೂ 2016ರಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆಯ ಆಚರಣೆ ಉಳಿದಿರುವುದನ್ನು ಒಪ್ಪಿಕೊಂಡಿತು. ಹೀಗೆ ತಪ್ಪನ್ನು ಒಪ್ಪಿಕೊಳ್ಳುವುದೂ ಮೇಲುವಸ್ತ್ರವನ್ನು ತೆಗೆದಿಡುವ ಒಂದು ಬಗೆ.

ಬೋಗುಣಿಯ ವಿಧಿಯೂ ಕೆಲವು ಕಾಲ ಬರಿಯ ಪ್ರದರ್ಶನವಾಗಿತ್ತು. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿ ಪವಿತ್ರ ಗುರುವಾರ ಬಡ ಹೆಂಗಸರ ಪಾದ ತೊಳೆಯುವ ಮೊದಲು, ಅರಮನೆಯ ಸಿಬ್ಬಂದಿಯೂ ದಾನಾಧಿಕಾರಿಗಳೂ ಅದೇ ಪಾದಗಳನ್ನು ಒಂದಾದ ಮೇಲೊಂದರಂತೆ ತೊಳೆದು ಶುಚಿ ಮಾಡಿರುತ್ತಿದ್ದರು. ನಮ್ಮ ಹನ್ನೆರಡು ಕುರ್ಚಿಗಳ ಪದ್ಧತಿಗೂ ಇದಕ್ಕೂ ಏನಾದರೂ ಹೋಲಿಕೆಯಿದೆಯೇ ಎಂದು ನಾವು ಯೋಚಿಸಬೇಕು.

ಆದರೆ ಮೂಲ ಪಾಠವನ್ನು ಮರೆಯದವರೂ ಇದ್ದರು. ಆರನೆಯ ಶತಮಾನದ ಅಂತ್ಯದಲ್ಲಿ ಜಗದ್ಗುರುವಾದ ಮಹಾ ಗ್ರೆಗೊರಿಯವರು ತಮ್ಮನ್ನು ದೇವರ ದಾಸರ ದಾಸನೆಂದು ಕರೆದುಕೊಂಡರು. ಅಸ್ಸಿಸಿಯ ಸಂತ ಫ್ರಾನ್ಸಿಸರು ತಮ್ಮ ಸಂಗಡಿಗರಿಗೆ ಕಿರಿಯ ಸಹೋದರರೆಂಬ ಹೆಸರನ್ನಿಟ್ಟು, ಮುಖ್ಯಸ್ಥನು ಸೇವಕನೆನಿಸಿಕೊಳ್ಳಬೇಕು, ಒಬ್ಬರು ಮತ್ತೊಬ್ಬರ ಪಾದ ತೊಳೆಯಬೇಕು ಎಂದು 1221ರ ನಿಯಮಾವಳಿಯಲ್ಲಿ ಬರೆಸಿದರು. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದರ ಪ್ರಥಮ ಧರ್ಮಾಧ್ಯಕ್ಷರಾದ ಜಾನ್ ಫಾರೆಸ್ಟ್ ಹೋಗನ್ ಅವರು ಇದೇ ಫ್ರಾನ್ಸಿಸ್ಕನ್ ಸಭೆಯವರು. ಕಿರಿಯತನವನ್ನೇ ವ್ರತವಾಗಿ ಸ್ವೀಕರಿಸಿದ ಸಭೆಯವರೊಬ್ಬರ ಕೈಯಲ್ಲಿ ಬಳ್ಳಾರಿಯ ಧರ್ಮಪ್ರಾಂತ್ಯ ಕಣ್ಣುತೆರೆಯಿತೆಂಬುದು ನಾವು ನೆನಪಿಡಬೇಕಾದ ಸಂಗತಿ.

ಕರಾವಳಿಯ ಒಂದು ನಿದರ್ಶನವನ್ನೂ ಇಲ್ಲಿ ಸ್ಮರಿಸಬಹುದು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಜರ್ಮನಿಯ ಯೇಸುಸಭೆಯ ಗುರು ಆಗುಸ್ಟಸ್ ಮುಲ್ಲರ್ ಅವರು ವಿದ್ಯಾವಂತ ಶಿಕ್ಷಕರು. ಆದರೆ 1880ರಲ್ಲಿ ಬಡವರಿಗಾಗಿ ಹೋಮಿಯೊಪತಿ ಔಷಧಾಲಯವನ್ನು ಆರಂಭಿಸಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆಯನ್ನು ತೆರೆದರು. 1910ರ ನವೆಂಬರ್ 1ರಂದು ತೀರಿಕೊಳ್ಳುವವರೆಗೂ ಆ ಕೆಲಸವನ್ನು ಬಿಡಲಿಲ್ಲ. ಕುಷ್ಠರೋಗದಲ್ಲಿ ಪಾದಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದರೂ ಕೆಂಡ ತಾಕಿದರೂ ತಿಳಿಯದೆ ಹುಣ್ಣಾಗುತ್ತದೆ. ಅಂತಹ ಪಾದಗಳನ್ನು ದಿನವೂ ನೀರಿನಲ್ಲಿ ನೆನೆಸಿ, ಗಟ್ಟಿಯಾದ ಚರ್ಮವನ್ನು ಉಜ್ಜಿ, ಎಣ್ಣೆ ಸವರಿ, ಗಾಯವಾಗಿದೆಯೇ ಎಂದು ತಿರುಗಿಸಿ ನೋಡುವುದು ಇಂದಿಗೂ ಮುಖ್ಯವಾದ ಆರೈಕೆ. ಈ ರೋಗಿಗಳ ಆರೈಕೆಗೆ ನಿಂತ ಧರ್ಮಭಗಿನಿಯರಿಗೆ ಪಾದ ತೊಳೆಯುವುದು ವರ್ಷಕ್ಕೊಮ್ಮೆಯ ವಿಧಿಯಲ್ಲ, ದಿನನಿತ್ಯದ ಕೆಲಸ.

ವಿಧಿಯಲ್ಲಿಯೂ ಬದಲಾವಣೆಗಳು ಬಂದಿವೆ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ಪವಿತ್ರ ವಾರದ ಆರಾಧನೆಯನ್ನು ಸುಧಾರಿಸಿದಾಗ ಪಾದ ತೊಳೆಯುವುದಕ್ಕೆ ಸಂಜೆಯ ಬಲಿಪೂಜೆಯೊಳಗೆ ಸ್ಥಾನ ದೊರೆಯಿತು. 2013ರ ಮಾರ್ಚ್ 28ರಂದು, ಆಗತಾನೆ ಜಗದ್ಗುರುವಾಗಿದ್ದ ಫ್ರಾನ್ಸಿಸರು ರೋಮಿನ ಒಂದು ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿ ಯುವಬಂದಿಗಳ ಪಾದ ತೊಳೆದರು. ಅವರಲ್ಲಿ ಯುವತಿಯರೂ ಇದ್ದರು, ಮುಸಲ್ಮಾನರೂ ಇದ್ದರು. 2016ರ ಜನವರಿಯಲ್ಲಿ, ಈ ವಿಧಿಗೆ ಸ್ತ್ರೀಯರನ್ನೂ ಆರಿಸಬಹುದೆಂಬ ಆದೇಶ ಹೊರಟಿತು. 2025ರ ಏಪ್ರಿಲ್ 17, ಪವಿತ್ರ ಗುರುವಾರದಂದು, ಕಾಯಿಲೆಯಿಂದ ಸೊರಗಿದ್ದ ಅವರು ರೋಮಿನ ಮತ್ತೊಂದು ಸೆರೆಮನೆಗೆ ಹೋದರು. ಈ ವರ್ಷ ಪಾದ ತೊಳೆಯಲು ತಮ್ಮಿಂದಾಗದು, ಆದರೂ ಬಳಿಯಲ್ಲಿರಲು ಬಂದಿದ್ದೇನೆ ಎಂದು ಬಂದಿಗಳಿಗೆ ತಿಳಿಸಿದರು. ನಾಲ್ಕು ದಿನಗಳ ನಂತರ, ಏಪ್ರಿಲ್ 21ರಂದು ಅವರು ದೈವಾಧೀನರಾದರು.

ಮನೆಯೊಳಗಿನ ಬೋಗುಣಿ

ಇಷ್ಟನ್ನು ಓದಿದ ಮೇಲೆ ನಮ್ಮ ಕುಟುಂಬಗಳು ಮಾಡಬೇಕಾದುದೇನು? ದೊಡ್ಡ ಸಾಹಸವೇನೂ ಬೇಕಾಗಿಲ್ಲ. ಮೊದಲು, ನಮ್ಮ ಮನೆಯಲ್ಲಿ ನೀರು ಯಾವ ದಿಕ್ಕಿಗೆ ಹರಿಯುತ್ತಿದೆಯೆಂದು ನೋಡೋಣ. ಯಾವಾಗಲೂ ಬಡಿಸುವವರು ಯಾರು, ಯಾವಾಗಲೂ ಕಡೆಯಲ್ಲಿ ಉಣ್ಣುವವರು ಯಾರು? ವಾರಕ್ಕೊಮ್ಮೆಯಾದರೂ ತಂದೆಯೂ ಗಂಡುಮಕ್ಕಳೂ ಬಡಿಸಿ, ತಾಯಿ ಕುಳಿತು ಬಿಸಿ ರೊಟ್ಟಿ ಉಣ್ಣುವಂತಾದರೆ, ಆ ದಿನ ಶುಭಸಂದೇಶ ಮನೆಯೊಳಗೆ ಬಂದಂತೆ. ಮಕ್ಕಳು ಅದನ್ನು ಯಾವ ಉಪದೇಶಕ್ಕಿಂತಲೂ ಬೇಗ ಕಲಿಯುತ್ತಾರೆ.

ಎರಡನೆಯದಾಗಿ, ಮನೆಗೆಲಸಕ್ಕೆ ಬರುವ ಅಮ್ಮನಿಗೆ ನಾವು ಚಹಾ ಕೊಡುವ ಲೋಟ ಯಾವುದು? ಅದನ್ನು ಬೇರೆಯಾಗಿ ಇಟ್ಟಿದ್ದರೆ, ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ ಆ ಲೋಟವನ್ನು ನೆನೆಸಿಕೊಳ್ಳುವುದು ಲೇಸು. ಆ ಅಮ್ಮನ ಸಂಬಳವನ್ನು ಹೇಳಿದ ದಿನಕ್ಕೆ ಕೊಡುವುದೂ, ಜ್ವರ ಬಂದ ದಿನದ ಕೂಲಿ ಮುರಿಯದಿರುವುದೂ ಪಾದ ತೊಳೆಯುವ ಕೆಲಸಗಳೇ. ಹಬ್ಬದ ದಿನ ಹಳೆಯ ಸೀರೆಯನ್ನು ಕೊಟ್ಟು ಔದಾರ್ಯವೆಂದುಕೊಳ್ಳುವುದು ಸುಲಭ. ನ್ಯಾಯವಾದ ಕೂಲಿಯನ್ನು ಮೊದಲು ಕೊಟ್ಟವರಿಗೆ ಮಾತ್ರ ಆ ಔದಾರ್ಯ ಶೋಭಿಸುತ್ತದೆ.

ಮೂರನೆಯದಾಗಿ, ನೊಂದವರಿಗೆ ನಾವಾಡುವ ಮಾತನ್ನು ತೂಗಿ ನೋಡೋಣ. ಕುಡುಕ ಗಂಡನಿಂದ ಪೆಟ್ಟು ತಿಂದು ಬಂದ ಹೆಣ್ಣುಮಗಳಿಗೆ, ಶಿಲುಬೆ ಹೊತ್ತುಕೋ ಎಂದು ಹೇಳಿ ಕಳುಹಿಸುವುದು ಧರ್ಮವಲ್ಲ. ಅವಮಾನಿತನಾದವನಿಗೆ ತಾಳ್ಮೆಯನ್ನು ಬೋಧಿಸಿ, ಅವಮಾನಿಸಿದವನೊಡನೆ ಊಟಕ್ಕೆ ಕೂರುವುದೂ ಧರ್ಮವಲ್ಲ. ದೀನತೆಯ ಮಾತನ್ನು ಪರರಿಗೆ ಹೇಳುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಬಹುದು: ಹೇಳುತ್ತಿರುವ ನಾವು ಕೇಳುತ್ತಿರುವವರಿಗಿಂತ ಮೇಲಿನ ಸ್ಥಾನದಲ್ಲಿದ್ದೇವೆಯೇ? ಹಾಗಿದ್ದರೆ ಆ ಮಾತನ್ನು ಮೊದಲು ನಮಗೇ ಹೇಳಿಕೊಳ್ಳಬೇಕು.

ಕೊನೆಯದಾಗಿ, ನಮ್ಮ ಧರ್ಮಕೇಂದ್ರಗಳಲ್ಲಿ ಆ ಹನ್ನೆರಡು ಕುರ್ಚಿಗಳಲ್ಲಿ ಯಾರು ಕೂರಬೇಕೆಂಬುದನ್ನು ಪಾಲನಾ ಮಂಡಳಿಯವರೂ ಕುಟುಂಬಗಳವರೂ ಕೂಡಿ ಯೋಚಿಸಬಹುದು. ಗುಳೆ ಹೋಗಿ ಮರಳಿದ ಕೂಲಿಕಾರ, ಚರಂಡಿ ಶುಚಿ ಮಾಡುವ ಪೌರಕಾರ್ಮಿಕ, ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ಕಳೆದುಕೊಂಡ ವೃದ್ಧೆ, ಮುತ್ತು ಕಟ್ಟಿಸಿಕೊಂಡ ತಾಯಿಯ ಮಗಳು. ಇವರಿಗೆ ಒಪ್ಪಿಗೆಯಿದ್ದರೆ ಇವರನ್ನು ಗೌರವದಿಂದ ಕರೆದು ಕೂರಿಸೋಣ. ಅವರನ್ನು ಪ್ರದರ್ಶನದ ವಸ್ತುವಾಗಿ ಮಾಡದಂತೆ ಎಚ್ಚರವಿರಲಿ. ಪವಿತ್ರ ಗುರುವಾರ ಕಳೆದ ಮೇಲೂ ಅವರು ಸಭೆಯಲ್ಲಿ ಮಾತನಾಡುವಂತೆ, ವಾಚನ ಓದುವಂತೆ, ಮಂಡಳಿಯಲ್ಲಿ ಕೂರುವಂತೆ ಆಗಬೇಕು. ತೊಳೆದ ಪಾದಗಳು ಎದ್ದು ನಡೆಯಲಿಕ್ಕಾಗಿ ಇವೆ, ಕುರ್ಚಿಯಲ್ಲಿಯೇ ಉಳಿಯಲಿಕ್ಕಾಗಿ ಅಲ್ಲ.

ಎಲ್ಲರ ಪಾದಗಳನ್ನೂ ತೊಳೆದಾದ ಮೇಲೆ ಯೇಸುಸ್ವಾಮಿ ಮೇಲುವಸ್ತ್ರವನ್ನು ಮತ್ತೆ ತೊಟ್ಟು ಕುಳಿತುಕೊಂಡು, ತಾವು ಮಾಡಿದ್ದರ ಅರ್ಥ ತಿಳಿಯಿತೇ ಎಂದು ಶಿಷ್ಯರನ್ನು ಕೇಳಿದರು. ಶಿಷ್ಯರು ಏನೆಂದು ಉತ್ತರಿಸಿದರೆಂಬುದನ್ನು ಯೊವಾನ್ನರು ಬರೆದಿಲ್ಲ. ಗುರುವೂ ಒಡೆಯನೂ ಆದ ತಾವು ಮಾಡಿದಂತೆಯೇ ಅವರೂ ಒಬ್ಬರಿಗೊಬ್ಬರು ಮಾಡಬೇಕೆಂದು ಸ್ವಾಮಿ ಅಪ್ಪಣೆ ಕೊಟ್ಟರು. ಆ ಪ್ರಶ್ನೆ ಇಂದು ನಮ್ಮ ಮನೆಗಳ ಮುಂದಿದೆ. ಅದಕ್ಕೆ ಉತ್ತರವನ್ನು ನಮ್ಮ ಅಡುಗೆಮನೆಯಲ್ಲಿ, ಅಂಗಳದಲ್ಲಿ, ಹೊಲದ ಬದುವಿನಲ್ಲಿ ನಾವೇ ಕೊಡಬೇಕಾಗಿದೆ. ಹಾಗೆ ಕೊಡುವ ಬಲವನ್ನು ದಾಸರೂಪ ತಾಳಿದ ಪ್ರಭುಗಳು ನಮಗೆಲ್ಲರಿಗೂ ಕರುಣಿಸಲಿ.